ಉನ್ಮತ್ತನ ಶಬ್ದಸೇವೆ: ‘ದಿ ಸರ್ಜನ್ ಆಫ್ ಕ್ರೌಥಾರ್ನ್’ ಎಂಬ ಗ್ರಂಥದ ವಿಮರ್ಶೆ

೧

ನಿಘಂಟನ್ನು ಬಳಸುವವರು ಅನೇಕರು. ಅದು ಹೇಗೆ ಸಿದ್ಧವಾಯಿತೆಂದು ವಿಚಾರಿಸುವವರು ವಿರಳರು. ಶಬ್ದಕ್ಕೆ ಅರ್ಥವನ್ನು ನಿರೂಪಿಸಿದ ಸಂಪಾದಕನ ಹೆಸರಾದರೂ ಮುಖಪತ್ರದಲ್ಲಿ ಕಾಣುತ್ತದೆ. ಆ ಅರ್ಥಕ್ಕೆ ಪ್ರಮಾಣವಾದ ಪ್ರಯೋಗವನ್ನು ಹಳೆಯ ಗ್ರಂಥಗಳಿಂದ ಹುಡುಕಿ ತೆಗೆದು, ಚೀಟಿಯಲ್ಲಿ ಬರೆದು ಕಳುಹಿಸಿದವನ ಹೆಸರು ಪೀಠಿಕೆಯ ಸಣ್ಣ ಅಕ್ಷರಗಳಲ್ಲಿ ಅಡಗಿಹೋಗುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಹೀಗೆ ಪ್ರಯೋಗಗಳನ್ನು ಒದಗಿಸಿದವರಲ್ಲಿ ವಿಲಿಯಂ ಚೆಸ್ಟರ್ ಮೈನರ್ ಎಂಬ ಅಮೆರಿಕದ ವೈದ್ಯನೊಬ್ಬನು. ಅವನ ಪತ್ರಗಳಲ್ಲಿ ಇರುತ್ತಿದ್ದ ವಿಳಾಸವು ಬರ್ಕ್‌ಷೈರಿನ ಕ್ರೌಥಾರ್ನ್ ಎಂಬ ಹಳ್ಳಿ. ಆ ಹಳ್ಳಿಯಲ್ಲಿರುವುದು ಬ್ರಾಡ್‌ಮೂರ್. ಎಂದರೆ, ಚಿತ್ತವಿಕಾರದಿಂದ ಅಪರಾಧವೆಸಗಿದವರನ್ನು ಇರಿಸುವುದಕ್ಕಾಗಿ ಇಂಗ್ಲೆಂಡಿನ ಸರಕಾರವು ಕಟ್ಟಿಸಿದ ಉನ್ಮಾದಾಲಯ. ಮೈನರನು ಅಲ್ಲಿ ವೈದ್ಯನಾಗಿರಲಿಲ್ಲ, ರೋಗಿಯಾಗಿದ್ದನು. ನಿರಪರಾಧಿಯೊಬ್ಬನನ್ನು ಕೊಂದು ಅಲ್ಲಿಗೆ ಬಂದಿದ್ದನು.

ಈ ವೃತ್ತಾಂತವನ್ನು ಲೋಕಪ್ರಸಿದ್ಧಗೊಳಿಸಿದ ಗ್ರಂಥವು ಸೈಮನ್ ವಿಂಚೆಸ್ಟರ್ ಅವರು ೧೯೯೮ರಲ್ಲಿ ಪ್ರಕಟಿಸಿದ ‘ದಿ ಸರ್ಜನ್ ಆಫ್ ಕ್ರೌಥಾರ್ನ್’. ಅಮೆರಿಕದಲ್ಲಿ ಅದೇ ಗ್ರಂಥವು ‘ದಿ ಪ್ರೊಫೆಸರ್ ಅಂಡ್ ದಿ ಮ್ಯಾಡ್‌ಮನ್’ ಎಂಬ ಹೆಸರಿನಿಂದ ಹೊರಬಂದಿತು. ನಿಘಂಟಿನಂಥ ಶುಷ್ಕವಿಷಯವನ್ನು ಸಾಮಾನ್ಯ ಜನರೂ ಕುತೂಹಲದಿಂದ ಓದುವಂತೆ ಮಾಡಿದ ಕೀರ್ತಿಯು ಗ್ರಂಥಕರ್ತರಿಗೆ ಸಲ್ಲತಕ್ಕದ್ದೇ. ಪ್ರತಿಯೊಂದು ಅಧ್ಯಾಯದ ಮೊದಲಿನಲ್ಲಿಯೂ ನಿಘಂಟಿನ ಒಂದೊಂದು ಶಬ್ದವಿವರಣೆಯನ್ನೇ ಇರಿಸಿರುವ ಜಾಣ್ಮೆಯೂ ಶ್ಲಾಘ್ಯವಾದುದು. ಆದರೆ ಕಥೆಯು ರಮ್ಯವಾಗಿದೆಯೆಂಬ ಮಾತ್ರದಿಂದ ಅದು ಯಥಾರ್ಥವಾಗಲಾರದು. ಯಥಾರ್ಥವಾದ ಅಂಶಗಳೂ ಅಸ್ಥಾನದಲ್ಲಿ ನಿಂತರೆ ಅನೌಚಿತ್ಯಕ್ಕೆ ಎಡೆಯಾಗುತ್ತವೆ. ಉನ್ಮಾದವೆಂಬ ರೋಗ, ಕೊಲೆಯೆಂಬ ಅಪರಾಧ, ವಿದ್ಯೆಯೆಂಬ ಪುರುಷಾರ್ಥ, ಈ ಮೂರೂ ಒಬ್ಬನಲ್ಲಿಯೇ ಕೂಡಿದಾಗ ಅವುಗಳ ಸಂಬಂಧವನ್ನು ಹೇಗೆ ನಿರ್ಣಯಿಸಬೇಕು? ಗ್ರಂಥದ ಗುಣದೋಷಗಳೆಲ್ಲವೂ ಈ ಪ್ರಶ್ನೆಯನ್ನು ಅವಲಂಬಿಸಿಕೊಂಡಿವೆ.

೨

ಕಥಾಸಂಗ್ರಹವು ಹೀಗಿದೆ. ಮೈನರನು ೧೮೩೪ರಲ್ಲಿ ಸಿಂಹಳದ್ವೀಪದಲ್ಲಿ, ಅಮೆರಿಕದ ಕ್ರೈಸ್ತಮಿಶನರಿ ದಂಪತಿಗಳಿಗೆ ಮಗನಾಗಿ ಹುಟ್ಟಿದನು. ೧೮೬೩ರಲ್ಲಿ ಯೇಲ್ ವಿದ್ಯಾಲಯದಿಂದ ವೈದ್ಯಪದವಿಯನ್ನು ಪಡೆದು, ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರಪಕ್ಷದ ಸೈನ್ಯದಲ್ಲಿ ಶಸ್ತ್ರವೈದ್ಯನಾದನು. ಯುದ್ಧಾನಂತರ ಅವನ ಬುದ್ಧಿಯು ಕದಡಿತು. ೧೮೬೮ರಲ್ಲಿ ವಾಷಿಂಗ್ಟನ್ನಿನ ಸರಕಾರೀ ಉನ್ಮಾದಾಲಯವನ್ನು ಸೇರಿ, ತರುವಾಯ ಬಿಡುಗಡೆ ಹೊಂದಿ, ವಿಶ್ರಾಂತಿವೇತನದೊಡನೆ ೧೮೭೧ರಲ್ಲಿ ಲಂಡನ್ನಿಗೆ ಬಂದು ಲ್ಯಾಂಬೆತ್ ಎಂಬ ಬಡವರ ಕೇರಿಯಲ್ಲಿ ನೆಲೆಸಿದನು. ರಾತ್ರಿಯ ಹೊತ್ತು ವೈರಿಗಳು ತನ್ನ ಕೋಣೆಯನ್ನು ಹೊಕ್ಕು ಹಿಂಸಿಸುತ್ತಾರೆಂಬ ದೃಢವಾದ ಭ್ರಮೆಯು ಅವನಿಗಿದ್ದಿತು. ೧೮೭೨ನೆಯ ಫೆಬ್ರವರಿ ೧೭ರಂದು, ಇನ್ನೂ ಬೆಳಗಾಗುವ ಮುನ್ನ, ಮದ್ಯದ ಕಾರ್ಖಾನೆಯೊಂದರಲ್ಲಿ ಒಲೆಗೆ ಕಲ್ಲಿದ್ದಲನ್ನು ಒಡ್ಡುವ ಕೆಲಸಕ್ಕೆ ಹೋಗುತ್ತಿದ್ದ ಜಾರ್ಜ್ ಮೆರೆಟ್ ಎಂಬ ಕೂಲಿಯವನನ್ನು ಆ ವೈರಿಗಳಲ್ಲೊಬ್ಬನೆಂದು ಭ್ರಮಿಸಿ ಪಿಸ್ತೂಲಿನಿಂದ ಹೊಡೆದು ಕೊಂದನು. ಮೆರೆಟನಿಗೆ ಆರು ಮಂದಿ ಮಕ್ಕಳು. ಹೆಂಡತಿ ಎಲೈಜಳು ಮತ್ತೆ ಗರ್ಭಿಣಿ. ಉನ್ಮಾದದ ನಿಮಿತ್ತವಾಗಿ ಮೈನರನು ದೋಷಿಯಲ್ಲವೆಂದು ಪಂಚರು ತೀರ್ಪಿತ್ತರು. ಅದೇ ವರ್ಷದ ಏಪ್ರಿಲಿನಲ್ಲಿ ಅವನನ್ನು ಬ್ರಾಡ್‌ಮೂರಿಗೆ ಒಯ್ದರು. ಅಲ್ಲಿ ಅವನು ೩೮ ವರ್ಷಗಳನ್ನು ಕಳೆದನು.

೧೮೭೯ರಲ್ಲಿ ನಿಘಂಟಿನ ಸಂಪಾದಕತ್ವವನ್ನು ವಹಿಸಿಕೊಂಡ ಜೇಮ್ಸ್ ಮರ್ರೆಯು, ಪ್ರಯೋಗಗಳನ್ನು ಆರಿಸಿ ಕಳುಹಿಸಬೇಕೆಂದು ಇಂಗ್ಲಿಷ್ ಬಲ್ಲ ಜನರೆಲ್ಲರಿಗೂ ವಿಜ್ಞಾಪನಪತ್ರವನ್ನು ಹೊರಡಿಸಿದನು. ಅದು ಮೈನರನ ಕೈಗೂ ಸೇರಿತು. ಉಳಿದ ವಾಚಕರು ತಾವು ಓದಿದ ಗ್ರಂಥದಲ್ಲಿ ಮನಸ್ಸಿಗೆ ಹಿಡಿದ ವಾಕ್ಯವನ್ನು ಬರೆದು ಕಳುಹಿಸುತ್ತಿದ್ದರು. ಮೈನರನ ಕ್ರಮವು ಬೇರೆ. ಅವನು ಒಂದೊಂದು ಗ್ರಂಥಕ್ಕೂ ಒಂದೊಂದು ಶಬ್ದಸೂಚಿಯನ್ನು ಸೂಕ್ಷ್ಮಾಕ್ಷರಗಳಲ್ಲಿ ಬರೆದಿಟ್ಟುಕೊಂಡು, ಸಂಪಾದಕರು ಈಗ ಯಾವ ಶಬ್ದವನ್ನು ಪರಿಶೀಲಿಸುತ್ತಿರುವರೆಂದು ಕೇಳಿ ತಿಳಿದು, ಆ ಶಬ್ದಕ್ಕೆ ಬೇಕಾದ ಪ್ರಯೋಗಗಳನ್ನು ಬೇಕಾದ ವೇಳೆಗೆ ಒದಗಿಸುತ್ತಿದ್ದನು. ನಿಘಂಟುಕಾರ್ಯದ ಮರ್ಮವನ್ನು ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ನಾಲ್ಕು ಶತಮಾನಗಳ ಶಬ್ದಚರಿತ್ರೆಯನ್ನು ಅವನ ಚೀಟಿಗಳಿಂದಲೇ ನಿದರ್ಶಿಸಬಹುದೆಂಬ ಅಭಿಪ್ರಾಯವನ್ನು ಮರ್ರೆಯೇ ೧೮೯೯ರಲ್ಲಿ ವ್ಯಕ್ತಪಡಿಸಿದನು. ೪,೧೪,೮೨೫ ಶಬ್ದಗಳನ್ನೂ ೧೮ ಲಕ್ಷಕ್ಕೂ ಮಿಕ್ಕ ಪ್ರಯೋಗಗಳನ್ನೂ ಒಳಗೊಂಡು ನಿಘಂಟು ಪೂರ್ಣವಾದುದು ೧೯೨೮ರಲ್ಲಿ. ಅಷ್ಟರಲ್ಲಿ ಮರ್ರೆಯೂ ಮೈನರನೂ ಇಬ್ಬರೂ ಗತಿಸಿದ್ದರು.

೩

ಗ್ರಂಥದ ಪ್ರಥಮದೋಷವು ಅದರ ಮೊದಲ ಪುಟಗಳಲ್ಲಿಯೇ ಇದೆ. ವರ್ಷಗಟ್ಟಲೆ ಪತ್ರವ್ಯವಹಾರ ನಡೆದ ಮೇಲೆ ಮರ್ರೆಯು ಮೈನರನನ್ನು ಕಾಣಲೆಂದು ಕ್ರೌಥಾರ್ನಿಗೆ ಹೋದನಂತೆ. ದೊಡ್ಡ ಭವನವೊಂದರ ಕಾರ್ಯಾಲಯದಲ್ಲಿ ಗಂಭೀರಪುರುಷನೊಬ್ಬನನ್ನು ಕಂಡು, ಅವನೇ ಮೈನರನೆಂದು ಭಾವಿಸಿ ವಂದಿಸಿದನಂತೆ. ಆತನು, ತಾನು ಉನ್ಮಾದಾಲಯದ ಅಧಿಕಾರಿಯೆಂದೂ ಮೈನರನು ತನ್ನ ರೋಗಿಯೆಂದೂ ತಿಳಿಸಿದನಂತೆ. ಈ ಐತಿಹ್ಯವು ಬಹುಕಾಲ ಪತ್ರಿಕೆಗಳಲ್ಲಿ ಹರಡಿದ್ದಿತು. ಗ್ರಂಥಕರ್ತರು ಇದನ್ನೇ ಆರಂಭದಲ್ಲಿ ಸವಿಸ್ತಾರವಾಗಿ ಹೇಳಿ, ಗ್ರಂಥದ ಉತ್ತರಾರ್ಧದಲ್ಲಿ ಇದು ಸುಳ್ಳೆಂದು ತಾವೇ ಖಂಡಿಸುತ್ತಾರೆ. ನಿಜವಾದ ಸಂಗತಿಯೇನೆಂದರೆ, ಮೈನರನು ಆ ಆಲಯದ ವೈದ್ಯನಿರಬೇಕೆಂದು ಮರ್ರೆಯು ಮೊದಲು ಭಾವಿಸಿದ್ದನು. ಹಾರ್ವರ್ಡ್ ವಿದ್ಯಾಲಯದ ಗ್ರಂಥಭಂಡಾರಿಯಾದ ಜಸ್ಟಿನ್ ವಿನ್ಸರನು ಮಾತಿನ ನಡುವೆ ಸತ್ಯವನ್ನು ತಿಳಿಸಿದನು. ೧೮೯೧ರ ಜನವರಿಯಲ್ಲಿ ಮರ್ರೆಯು ಬ್ರಾಡ್‌ಮೂರಿಗೆ ಹೋದುದು ಎಲ್ಲವನ್ನೂ ಅರಿತು, ಮಿತ್ರಭಾವದಿಂದಲೇ.

ಪೂರ್ವಪಕ್ಷವನ್ನು ಮೊದಲು ಹೇಳಿ ಅನಂತರ ಸಿದ್ಧಾಂತವನ್ನು ಸ್ಥಾಪಿಸುವುದು ಶಾಸ್ತ್ರಸಮ್ಮತವಾದ ಕ್ರಮವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಪೂರ್ವಪಕ್ಷವನ್ನು ಪೂರ್ವಪಕ್ಷವೆಂದು ಹೇಳಿಯೇ ಹೂಡುವುದು ಶಾಸ್ತ್ರಕಾರರ ಪದ್ಧತಿ. ಇಲ್ಲಿಯಾದರೋ ವಾಚಕನು ನೂರಾರು ಪುಟಗಳವರೆಗೆ ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ನಂಬಿ ನಡೆಯುತ್ತಾನೆ. ಮೊದಲು ಸವಿದ ರುಚಿಯೇ ನಾಲಿಗೆಯಲ್ಲಿ ಉಳಿಯುವಂತೆ, ಮೊದಲು ಕೇಳಿದ ಕಥೆಯೇ ಮನಸ್ಸಿನಲ್ಲಿ ನಿಲ್ಲುತ್ತದೆ. ಖಂಡನೆಯು ಕಿವಿಯಲ್ಲಿಯೇ ಉಳಿದುಬಿಡುತ್ತದೆ. ಇದರಿಂದಾಗುವ ಹಾನಿಯು ಇತಿಹಾಸಕ್ಕೆ ಮಾತ್ರವಲ್ಲ. ಸುಳ್ಳುಕಥೆಯಲ್ಲಿ ಮುಖ್ಯವಾದುದು ಮರ್ರೆಯ ಬೆರಗು. ವಿದ್ವಾಂಸನು ಹುಚ್ಚನಾಗಿರುವುದು ಅಲ್ಲಿ ಒಂದು ವಿನೋದ. ನಿಜವಾದ ವೃತ್ತಾಂತದಲ್ಲಿ ಮುಖ್ಯವಾದುದು ಮರ್ರೆಯ ಸೌಜನ್ಯ. ಎದುರಿಗಿರುವವನು ಕೊಲೆ ಮಾಡಿದ ರೋಗಿಯೆಂದು ತಿಳಿದ ಮೇಲೆಯೂ ಪತ್ರದ ಧಾಟಿಯನ್ನು ಬದಲಿಸದೆ, ಸಹೋದ್ಯೋಗಿಯನ್ನು ಸಹೋದ್ಯೋಗಿಯೆಂದೇ ಕಂಡದ್ದು. ಅದ್ಭುತಕ್ಕಾಗಿ ಇದನ್ನು ಹಿಂದಕ್ಕೆ ಸರಿಸಿದುದು ಔಚಿತ್ಯಭಂಗವೆಂದೇ ಹೇಳಬೇಕಾಗಿದೆ.

ಎರಡನೆಯ ದೋಷವು ಕಾರಣನಿರೂಪಣೆಗೆ ಸಂಬಂಧಿಸಿದುದು. ಯುದ್ಧಕಾಲದಲ್ಲಿ, ಸೈನ್ಯವನ್ನು ಬಿಟ್ಟೋಡಿದ ಐರ್ಲೆಂಡಿನವನೊಬ್ಬನ ಮುಖಕ್ಕೆ ಬರೆ ಹಾಕುವ ಕಾರ್ಯವು ಮೈನರನ ಪಾಲಿಗೆ ಬಂದಿತೆಂದೂ, ಅದರಿಂದಲೇ ಐರಿಷ್ ಜನರು ತನ್ನನ್ನು ಬೆನ್ನಟ್ಟುತ್ತಿರುವರೆಂಬ ಭಯವು ಹುಟ್ಟಿತೆಂದೂ ಗ್ರಂಥವು ಸೂಚಿಸುತ್ತದೆ. ಆದರೆ ಇದು ಊಹೆಯನ್ನು ದಾಟಿದ ಪ್ರಮಾಣವಲ್ಲ. ಭರತಮುನಿಯು ಉನ್ಮಾದವನ್ನು ೩೩ ವ್ಯಭಿಚಾರಿಭಾವಗಳಲ್ಲಿ ಎಣಿಸಿ, ಇಷ್ಟಜನರ ವಿಯೋಗ, ಐಶ್ವರ್ಯನಾಶ, ಪೆಟ್ಟು, ವಾತಪಿತ್ತಕಫಗಳ ಪ್ರಕೋಪ ಮುಂತಾದ ಹಲವು ವಿಭಾವಗಳನ್ನು ಹೇಳಿದ್ದಾನೆ. ಚರಕನು ಉನ್ಮಾದದಲ್ಲಿಯೇ ಐದು ಭೇದಗಳನ್ನು ಮಾಡಿದ್ದಾನೆ. ಬಹುಕಾರಣಜನ್ಯವಾದ ರೋಗಕ್ಕೆ ನಾಟಕೀಯವಾದ ಒಂದೇ ಘಟನೆಯನ್ನು ಕಾರಣವಾಗಿ ನಿಲ್ಲಿಸುವುದು ಕಥೆಗೆ ಅನುಕೂಲ, ತತ್ತ್ವಕ್ಕೆ ಪ್ರತಿಕೂಲ. ಅಮೆರಿಕಕ್ಕೆ ಹಿಂದಿರುಗಿದ ಮೇಲೆ ಅಲ್ಲಿಯ ವೈದ್ಯರು ಅವನ ವ್ಯಾಧಿಗೆ ‘ಡಿಮೆನ್ಷಿಯಾ ಪ್ರೀಕಾಕ್ಸ್’ ಎಂಬ ಹೆಸರನ್ನಿತ್ತರು. ಇಂದಿನವರು ಸ್ಕಿಝೋಫ್ರೇನಿಯವೆನ್ನುವುದು ಅದರಿಂದ ಬೆಳೆದು ಬಂದ ಸಂಜ್ಞೆ. ಅಂಥ ರೋಗವನ್ನು ಒಂದು ದಿನದ ಪಾಪಭೀತಿಯಿಂದ ಹುಟ್ಟಿಸುವುದು ಸುಲಭವಲ್ಲ.

೪

ಇದಕ್ಕಿಂತ ಗುರುತರವಾದ ಪ್ರಶ್ನೆಯು ಉನ್ಮಾದಕ್ಕೂ ಶಬ್ದಸೇವೆಗೂ ಇರುವ ಸಂಬಂಧದ್ದು. ಹುಚ್ಚೇ ಆ ಅಪಾರ ಶ್ರಮಕ್ಕೆ ಮೂಲವೆಂಬ ಭಾವನೆಯೂ, ಅಂದಿನ ವೈದ್ಯರು ಅವನ ರೋಗವನ್ನು ವಾಸಿಮಾಡಿದ್ದರೆ ನಿಘಂಟಿಗೆ ನಷ್ಟವಾಗುತ್ತಿದ್ದಿತೆಂಬ ಧ್ವನಿಯೂ ಗ್ರಂಥದ ಕೊನೆಯ ಭಾಗದಲ್ಲಿ ಕೇಳಿಬರುತ್ತವೆ. ಇದನ್ನು ಅನ್ವಯವ್ಯತಿರೇಕಗಳಿಂದ ಪರೀಕ್ಷಿಸಬೇಕು. ಬ್ರಾಡ್‌ಮೂರಿನಲ್ಲಿ ನೂರಾರು ಉನ್ಮತ್ತರಿದ್ದರು. ಅವರಲ್ಲಿ ಮತ್ತಾರೂ ಇಂಥ ಶಬ್ದಸೇವೆಯನ್ನು ಮಾಡಲಿಲ್ಲ. ಆದುದರಿಂದ ಉನ್ಮಾದವಿದ್ದಲ್ಲಿ ಈ ಕಾರ್ಯವಿರುವುದೆಂಬ ಅನ್ವಯವು ಸಿದ್ಧಿಸದು. ವ್ಯತಿರೇಕಕ್ಕೆ ಫಿಟ್ಜ್‌ಎಡ್ವರ್ಡ್ ಹಾಲನ ನಿದರ್ಶನವು ಸಾಕು. ಅವನೂ ಅಮೆರಿಕದವನೇ. ಕಾಶಿಯ ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕನಾಗಿದ್ದು, ಧನಂಜಯನ ‘ದಶರೂಪ’ವನ್ನು ಸಂಪಾದಿಸಿ ಅಚ್ಚುಹಾಕಿಸಿದ ಪಂಡಿತನೀತನೇ. ಲಂಡನ್ನಿನ ವಿದ್ವತ್ಸಮಾಜದೊಡನೆ ಮನಸ್ತಾಪ ಬೆಳೆದು, ಸಫಕ್ ಪ್ರಾಂತದ ಹಳ್ಳಿಯೊಂದರಲ್ಲಿ ಏಕಾಂತವಾಗಿ ವಾಸಿಸುತ್ತ, ವರ್ಷಗಟ್ಟಲೆ ಪ್ರತಿದಿನವೂ ಗಂಟೆಗಟ್ಟಲೆ ನಿಘಂಟಿನ ಕರಡುಗಳನ್ನು ತಿದ್ದಿ ಪ್ರಯೋಗಗಳನ್ನು ಕೂಡಿಸಿದನು. ಆದರೂ ಮರ್ರೆಯ ಮುಖವನ್ನು ಒಮ್ಮೆಯೂ ಕಾಣಲಿಲ್ಲ. ಅವನಿಗೆ ಉನ್ಮಾದವಿರಲಿಲ್ಲ, ಬಂಧನವಿರಲಿಲ್ಲ. ಕಾರ್ಯವು ಮಾತ್ರ ಅಷ್ಟೇ ದೊಡ್ಡದು. ಕಾರಣವಿಲ್ಲದೆಯೂ ಕಾರ್ಯವು ಕಂಡುಬಂದರೆ ಅದು ಕಾರಣವಲ್ಲವೆಂದು ತರ್ಕವನ್ನು ಓದುವ ವಿದ್ಯಾರ್ಥಿಯೂ ಹೇಳಿಯಾನು.

ಹಾಗಾದರೆ ನಿಜವಾದ ಕಾರಣಗಳಾವುವು? ಯೇಲಿನಲ್ಲಿ ದೊರೆತ ಶಿಕ್ಷಣ, ಗ್ರಂಥಪ್ರೇಮ, ಶಸ್ತ್ರವೈದ್ಯನಿಗೆ ಸಹಜವಾದ ಸೂಕ್ಷ್ಮಹಸ್ತ, ಇವು ಅವನು ರೋಗಕ್ಕಿಂತ ಮುಂಚೆಯೇ ಗಳಿಸಿದ್ದವು. ರೋಗವು ಅವನ್ನು ಕಸಿದುಕೊಳ್ಳಲಿಲ್ಲ. ರಾತ್ರಿಯಲ್ಲಿ ವೈರಿಗಳನ್ನು ಕಾಣುತ್ತಿದ್ದ ಅದೇ ಮನಸ್ಸು ಹಗಲಿನಲ್ಲಿ ಒಂದು ಶಬ್ದದ ಅರ್ಥಭೇದವನ್ನು ತಪ್ಪಿಲ್ಲದೆ ಗುರುತಿಸುತ್ತಿದ್ದಿತು. ಉನ್ಮಾದವು ವ್ಯಭಿಚಾರಿಯೇ ಹೊರತು ಸ್ಥಾಯಿಯಲ್ಲವೆಂದು ಅಲಂಕಾರಿಕರು ಹೇಳಿದುದು ಕಾವ್ಯವನ್ನು ಕುರಿತಾದರೂ, ಈ ಮನುಷ್ಯನ ವಿಷಯದಲ್ಲಿ ಅದನ್ನು ನೆನೆಯುವುದು ಯುಕ್ತವಾಗಿದೆ. ವಿದ್ಯೆಯಲ್ಲಿ ಅವನಿಗಿದ್ದ ರತಿಯೇ ಸ್ಥಾಯಿ.

ಇನ್ನು ಸಹಕಾರಿಕಾರಣವು ಬ್ರಾಡ್‌ಮೂರ್. ಇದನ್ನು ಅರಿಯಬೇಕಾದರೆ ಆ ದೇಶದ ನ್ಯಾಯಚರಿತ್ರೆಯನ್ನು ಸ್ವಲ್ಪ ನೋಡಬೇಕು. ೧೮೦೦ರಲ್ಲಿ ಜೇಮ್ಸ್ ಹ್ಯಾಡ್‌ಫೀಲ್ಡ್ ಎಂಬವನು ಲಂಡನ್ನಿನ ನಾಟಕಶಾಲೆಯಲ್ಲಿ ಮೂರನೆಯ ಜಾರ್ಜ್ ದೊರೆಯ ಮೇಲೆ ಗುಂಡು ಹಾರಿಸಿ, ಉನ್ಮಾದದ ಕಾರಣದಿಂದ ಶಿಕ್ಷೆಯಿಂದ ಪಾರಾದನು. ಅಂಥವರನ್ನು ದೊರೆಯ ಚಿತ್ತಬಂದಷ್ಟು ಕಾಲ ಬಂಧನದಲ್ಲಿರಿಸಬಹುದೆಂಬ ಶಾಸನವು ಒಡನೆಯೇ ಹುಟ್ಟಿತು. ೧೮೪೩ರಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬವನು ಪ್ರಧಾನಮಂತ್ರಿಯಾದ ಪೀಲನ ಕಾರ್ಯದರ್ಶಿಯನ್ನು ಕೊಂದನು. ಆ ವ್ಯವಹಾರದ ತರುವಾಯ ನ್ಯಾಯಾಧಿಪತಿಗಳು ಲಾರ್ಡುಗಳ ಸಭೆಗೆ ಕೊಟ್ಟ ಉತ್ತರಗಳು ನಿಯಮಗಳಾಗಿ ನಿಂತವು: ಮನೋರೋಗದಿಂದ ತಾನು ಮಾಡುವ ಕಾರ್ಯದ ಸ್ವರೂಪವನ್ನಾಗಲಿ, ಅದು ತಪ್ಪೆಂಬುದನ್ನಾಗಲಿ ಅರಿಯದವನು ದಂಡಾರ್ಹನಲ್ಲ. ಭಾರತದ ೧೮೬೦ರ ದಂಡಸಂಹಿತೆಯ ೮೪ನೆಯ ಪ್ರಕರಣವು ಈ ನಿಯಮಗಳನ್ನೇ ಅನುಸರಿಸಿದುದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೨ನೆಯ ಪ್ರಕರಣದಲ್ಲಿ ಅದೇ ತತ್ತ್ವವು ಮುಂದುವರಿದಿದೆ. ಇಂಗ್ಲೆಂಡಿನಲ್ಲಿ ಅಂಥವರಿಗಾಗಿಯೇ ೧೮೬೦ರ ಶಾಸನದಿಂದ ಪ್ರತ್ಯೇಕವಾದ ಆಲಯವನ್ನು ಕಟ್ಟಲು ನಿಶ್ಚಯವಾಗಿ, ೧೮೬೩ರಲ್ಲಿ ಬ್ರಾಡ್‌ಮೂರ್ ತೆರೆಯಿತು. ತಂದೆಯನ್ನು ಕೊಂದ ಚಿತ್ರಕಾರ ರಿಚರ್ಡ್ ಡ್ಯಾಡನು ಮರುವರ್ಷ ಬೆಥ್ಲೆಮ್ ಆಸ್ಪತ್ರೆಯಿಂದ ಅಲ್ಲಿಗೆ ಬಂದು, ೧೮೮೬ರಲ್ಲಿ ಸಾಯುವವರೆಗೂ ಕುಂಚವನ್ನು ಬಿಡಲಿಲ್ಲ. ಮೈನರನಿಗೆ ಅಲ್ಲಿ ಎರಡು ಕೋಣೆಗಳು ದೊರೆತವು. ವಿಶ್ರಾಂತಿವೇತನದಿಂದ ಪುಸ್ತಕಗಳನ್ನು ತರಿಸಿಕೊಂಡು ಒಂದು ಕೋಣೆಯನ್ನು ಗ್ರಂಥಾಲಯವನ್ನಾಗಿ ಮಾಡಿಕೊಂಡನು. ಕೊಳಲನ್ನು ಬಾರಿಸುತ್ತಿದ್ದನು, ಚಿತ್ರವನ್ನು ಬರೆಯುತ್ತಿದ್ದನು.

ಇವೆಲ್ಲವೂ ಅಂದಿನ ವೈದ್ಯಾಧಿಕಾರಿಗಳ ವಿವೇಕದ ಫಲ. ರೋಗವನ್ನು ವಾಸಿಮಾಡುವ ಔಷಧವು ಅವರ ಬಳಿ ಇರಲಿಲ್ಲ. ರೋಗಿಯಲ್ಲಿ ಕೆಡದೆ ಉಳಿದ ಭಾಗಕ್ಕೆ ಎಡೆಕೊಡಬಹುದೆಂಬ ತಿಳುವಳಿಕೆ ಇದ್ದಿತು. ಆದರೆ ಇದೂ ಎಲ್ಲರಿಗೂ ಸಮವಾಗಿ ದೊರೆತುದಲ್ಲ. ಮೈನರನು ಸೇನಾಧಿಕಾರಿ, ವಿದ್ಯಾವಂತ, ಹಣವುಳ್ಳವನು. ಅಲ್ಲಿಯೇ ಇದ್ದ ಬಡ ಕೂಲಿಗಾರನಿಗೆ ಎರಡು ಕೋಣೆಗಳೂ ಪುಸ್ತಕಗಳೂ ಎಲ್ಲಿಂದ ಬರಬೇಕು? ಒಬ್ಬನ ಭಾಗ್ಯವನ್ನು ಕಂಡು ಸಂಸ್ಥೆಯೆಲ್ಲವನ್ನೂ ಹೊಗಳುವುದೂ, ಒಬ್ಬನ ಕಷ್ಟವನ್ನು ಕಂಡು ಸಂಸ್ಥೆಯೆಲ್ಲವನ್ನೂ ತೆಗಳುವುದೂ ಸಮಾನವಾದ ತಪ್ಪುಗಳು. ಬ್ರಾಡ್‌ಮೂರನ್ನು ಕಥೆಯ ಹಿನ್ನೆಲೆಯಾಗಿ ಮಾತ್ರ ನಿಲ್ಲಿಸದೆ, ಅದರ ಉಳಿದ ನಿವಾಸಿಗಳ ಪಾಡನ್ನೂ ಪಕ್ಕದಲ್ಲಿರಿಸಿದ್ದರೆ ಗ್ರಂಥದ ತೂಕವು ಹೆಚ್ಚುತ್ತಿದ್ದಿತು.

೫

ಪಂಚರು ದೋಷಿಯಲ್ಲವೆಂದರು, ಆದರೂ ಬಂಧನಕ್ಕೆ ಅವಧಿಯಿಲ್ಲ. ದೋಷಿಯೆಂದು ಕಾಲಮಿತಿಯ ಶಿಕ್ಷೆಯನ್ನು ಹೊಂದಿದವನು ಒಂದು ದಿನ ಹೊರಗೆ ಬರುತ್ತಾನೆ. ದೋಷಿಯಲ್ಲವೆನಿಸಿಕೊಂಡವನು ಅಧಿಕಾರಿಗಳ ಅನುಗ್ರಹವನ್ನೇ ಕಾಯುತ್ತಾನೆ. ಮೈನರನ ಜೀವನದಲ್ಲಿ ಈ ವಿರೋಧಾಭಾಸವು ಸ್ಪಷ್ಟವಾಗಿದೆ. ೧೮೯೫ರಲ್ಲಿ ಆಲಯದ ಆಡಳಿತಕ್ಕೆ ಬಂದ ರಿಚರ್ಡ್ ಬ್ರೇನನು ಹಿಂದಿನವರಿಗಿಂತ ಕಠಿಣನು. ೧೯೦೨ರ ಡಿಸೆಂಬರಿನಲ್ಲಿ, ಭ್ರಮೆಯ ಉಪದ್ರವವು ಮಿತಿಮೀರಿ, ಮೈನರನು ತನ್ನ ಜನನೇಂದ್ರಿಯವನ್ನು ತಾನೇ ಕತ್ತರಿಸಿಕೊಂಡನು. ಇದಕ್ಕೆ ಗ್ರಂಥಕರ್ತರು ಮೆರೆಟನ ವಿಧವೆಯನ್ನೂ ಸೇರಿಸಿ ಊಹೆಗಳನ್ನು ಹೆಣೆಯುವುದು ಸರ್ವಥಾ ಅನುಚಿತ. ಪ್ರಮಾಣವು ನಿಂತಲ್ಲಿ ಲೇಖನಿಯೂ ನಿಲ್ಲಬೇಕು. ೧೯೧೦ರಲ್ಲಿ ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲನು ಅನುಜ್ಞೆಯನ್ನಿತ್ತು, ವೃದ್ಧನಾದ ರೋಗಿಯನ್ನು ಅಮೆರಿಕಕ್ಕೆ ಕಳುಹಿಸಿದನು. ವಾಷಿಂಗ್ಟನ್ನಿನ ಹಳೆಯ ಆಸ್ಪತ್ರೆಯನ್ನೇ ಮತ್ತೆ ಸೇರಿ, ೧೯೨೦ರಲ್ಲಿ ಕನೆಕ್ಟಿಕಟ್ ಪ್ರಾಂತದಲ್ಲಿ ಮೃತನಾದನು. ೩೮ ವರ್ಷಗಳ ಬಂಧನವನ್ನು ಮುಗಿಸಿದುದು ಯಾವ ನ್ಯಾಯಸ್ಥಾನದ ವಿಚಾರಣೆಯೂ ಅಲ್ಲ, ಒಬ್ಬ ಮಂತ್ರಿಯ ರುಜು.

ಈ ಲೋಪವು ಬಹುಕಾಲ ಹಾಗೆಯೇ ಉಳಿಯಿತು. ೧೯೮೧ರಲ್ಲಿ ಬ್ರಾಡ್‌ಮೂರಿನ ರೋಗಿಯೊಬ್ಬನು ತಂದ ವ್ಯವಹಾರದಲ್ಲಿ, ಇಂಥ ಬಂಧನವು ಮುಂದುವರಿಯಬೇಕೇ ಎಂಬುದನ್ನು ಸ್ವತಂತ್ರವಾದ ನ್ಯಾಯಮಂಡಲವೊಂದು ಕಾಲಕಾಲಕ್ಕೆ ಪರಿಶೀಲಿಸತಕ್ಕದ್ದೆಂದು ಸ್ಟ್ರಾಸ್‌ಬರ್ಗಿನ ಯೂರೋಪೀಯ ಮಾನವಹಕ್ಕುಗಳ ನ್ಯಾಯಸ್ಥಾನವು ನಿರ್ಣಯಿಸಿತು. ೧೯೮೩ರ ಮಾನಸಿಕ ಆರೋಗ್ಯ ಶಾಸನವು ಆ ಅಧಿಕಾರವನ್ನು ನ್ಯಾಯಮಂಡಲಗಳಿಗೆ ಕೊಟ್ಟಿತು. ಇಂದು ಬ್ರಾಡ್‌ಮೂರ್ ಕಾರಾಗೃಹವಲ್ಲ, ರಾಷ್ಟ್ರೀಯ ಆರೋಗ್ಯಸೇವೆಗೆ ಸೇರಿದ ಆಸ್ಪತ್ರೆ. ರ‍್ಯಾಂಪ್ಟನ್, ಆಶ್‌ವರ್ತ್ ಎಂಬ ಆಸ್ಪತ್ರೆಗಳೊಡನೆ ಇಂಗ್ಲೆಂಡಿನ ಮೂರು ಅತಿಭದ್ರ ಮನೋರೋಗಾಸ್ಪತ್ರೆಗಳಲ್ಲಿ ಒಂದು. ಹಳೆಯ ಕಟ್ಟಡದ ಬದಲಾಗಿ ಹೊಸ ಕಟ್ಟಡವು ೨೦೧೯ರಲ್ಲಿ ಬಳಕೆಗೆ ಬಂದಿತು. ಚಿಕಿತ್ಸೆ, ಲೋಕರಕ್ಷಣೆ ಇವೆರಡರಲ್ಲಿ ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಮೊದಲಾಗಬೇಕೆಂಬ ಪ್ರಶ್ನೆಗೆ ಸಂಪೂರ್ಣವಾದ ಉತ್ತರವು ಇನ್ನೂ ದೊರೆತಿಲ್ಲ. ಪ್ರಶ್ನೆಯನ್ನು ಕೇಳುವ ಸ್ಥಾನವಾದರೂ ಏರ್ಪಟ್ಟಿದೆ. ಮೈನರನಿಗೆ ಅಷ್ಟೂ ಇರಲಿಲ್ಲ.

ಕೊನೆಯದಾಗಿ ಮೆರೆಟನ ವಿಷಯ. ಪತಿಯನ್ನು ಕಳೆದುಕೊಂಡ ಎಲೈಜಳು ಕೆಲವು ವರ್ಷಗಳ ಮೇಲೆ ಬ್ರಾಡ್‌ಮೂರಿಗೆ ಹೋಗಿ ಕೊಂದವನನ್ನು ಕಂಡಳು. ಕೆಲವು ಕಾಲ ಹೋಗಿಬರುತ್ತ, ಲಂಡನ್ನಿನ ಅಂಗಡಿಗಳಿಂದ ಅವನಿಗೆ ಪುಸ್ತಕಗಳನ್ನೂ ತಂದುಕೊಟ್ಟಳು. ನಿಘಂಟಿನ ಎಷ್ಟು ಪ್ರಯೋಗಗಳು ಆ ಬಡ ಹೆಂಗಸಿನ ಕೈಯಿಂದ ಬಂದ ಪುಸ್ತಕಗಳೊಳಗಿನವೋ ಎಣಿಸಿದವರಿಲ್ಲ. ಕರುಣರಸಕ್ಕೆ ಇದಕ್ಕಿಂತ ಮಿಗಿಲಾದ ಆಲಂಬನವು ಈ ಕಥೆಯಲ್ಲಿ ಮತ್ತೊಂದಿಲ್ಲ. ೨೦೧೯ರಲ್ಲಿ ಬಂದ ಚಲಚ್ಚಿತ್ರವು ಇಲ್ಲಿ ಶೃಂಗಾರವನ್ನು ಬೆರೆಸಿ ಆ ರಸವನ್ನು ಕೆಡಿಸಿತು. ವಿಂಚೆಸ್ಟರ್ ಅವರು ಈ ಅಂಶದಲ್ಲಿ ಹೆಚ್ಚಿನ ವಿವೇಕವನ್ನು ತೋರಿದ್ದಾರೆ. ಗ್ರಂಥವನ್ನು ಮೆರೆಟನ ಸ್ಮರಣೆಗೇ ಅರ್ಪಿಸಿ, ಗುರುತಿನ ಕಲ್ಲೂ ಇಲ್ಲದ ಅವನ ಸಮಾಧಿಯನ್ನು ಕಡೆಯಲ್ಲಿ ನೆನೆದಿದ್ದಾರೆ. ಅರ್ಪಣಪತ್ರದಲ್ಲಿ ಕಂಡ ಈ ದೃಷ್ಟಿಯು ಗ್ರಂಥದ ಮಧ್ಯದಲ್ಲಿಯೂ ಎಡೆಬಿಡದೆ ಇದ್ದಿದ್ದರೆ, ಅದ್ಭುತವು ಕರುಣಕ್ಕೆ ಅಂಗವಾಗಿ ನಿಲ್ಲುತ್ತಿದ್ದಿತು. ಈಗ ಕರುಣವೇ ಅದ್ಭುತಕ್ಕೆ ಅಂಗವಾಗಿದೆ.

ಸಾರಾಂಶವಿಷ್ಟು. ಗ್ರಂಥವು ಸುಲಲಿತ, ಉಪಯುಕ್ತ; ಸಾಹಿತ್ಯದ ಅಧ್ಯಾಪಕರು ವಿದ್ಯಾರ್ಥಿಗಳ ಕೈಗೆ ಕೊಡಬಹುದಾದುದು. ಕೊಡುವಾಗ ಎರಡು ಮಾತುಗಳನ್ನು ಸೇರಿಸಿ ಹೇಳತಕ್ಕದ್ದು. ಹುಚ್ಚು ನಿಘಂಟನ್ನು ಬರೆಯಲಿಲ್ಲ. ಹುಚ್ಚಿನ ನಡುವೆಯೂ ನಂದದೆ ಉಳಿದ ವಿವೇಕವು ಬರೆಯಿತು, ಅದಕ್ಕೆ ಎಡೆಕೊಟ್ಟ ಕೆಲವರ ದಯೆಯು ಬರೆಯಿಸಿತು. ಮತ್ತು ಆ ಚೀಟಿಗಳ ಲೆಕ್ಕವನ್ನು ಬರೆಯುವಾಗ, ೧೮೭೨ರ ಆ ನಸುಕಿನಲ್ಲಿ ಕೆಲಸಕ್ಕೆಂದು ಮನೆಯಿಂದ ಹೊರಟು ಹಿಂದಿರುಗದೆ ಹೋದ ಕೂಲಿಯವನ ಹೆಸರನ್ನು ಬಿಡಬಾರದು.